ಸುಮಿರೆಯ ಗೊರಸು ಬಿಸಿಯಾಗಿದ್ದ ದಿನ

ಅಪ್ಪಾ,

ನೀನು ತೀರಿಹೋಗಿ ಎಂಟು ತಿಂಗಳಾಯಿತು. ಅದಕ್ಕೆ ಮುಂಚೆ, ಜಪಾನಿನಿಂದ ನೀನು ಮೈಸೂರಿಗೆ ಮರಳಿದ ಮೇಲಿನ ಐದು ತಿಂಗಳು, ಪ್ರತಿ ಭಾನುವಾರ ಫೋನಿನಲ್ಲಿ ಮಾತಾಡುತ್ತಿದ್ದೆವು. ತಿಂಡಿ ಏನು, ಅಮ್ಮನ ಮೊಣಕಾಲು ಹೇಗಿದೆ, ನಗೋಯಾದಲ್ಲಿ ಚಳಿ ಶುರುವಾಯಿತಾ, ಎಲ್ಲ ಆಯಿತು. ಹೇಳಬೇಕಾಗಿದ್ದ ಒಂದು ಮಾತನ್ನು ಮಾತ್ರ ನಾನು ಪ್ರತಿ ವಾರವೂ ಮುಂದಿನ ವಾರಕ್ಕೆ ತಳ್ಳಿದೆ. ಐದು ತಿಂಗಳ ಭಾನುವಾರಗಳು ನನಗೆ ಸಾಲಲಿಲ್ಲ ಎಂದರೆ ನಂಬುತ್ತೀಯಾ? ಆ ಮಾತನ್ನು ಇವತ್ತು ಬರೆಯುತ್ತಿದ್ದೇನೆ. ಕಾರಣ, ಹೋದ ವಾರ ಒಂದು ಸಂಗತಿ ನಡೆಯಿತು. ಅದನ್ನು ನಿನಗಲ್ಲದೆ ಇನ್ಯಾರಿಗೆ ಹೇಳಲಿ?

ನಾನು ಐದನೇ ಕ್ಲಾಸಿನಲ್ಲಿದ್ದಾಗಿನ ಒಂದು ಬೆಳಿಗ್ಗೆ ನೆನಪಾಗುತ್ತದೆ. ರೇಸ್ ಕುದುರೆಗಳ ಲಾಯದಲ್ಲಿ ಮೈ ತಿಕ್ಕುವ, ಮೇವು ಹಾಕುವ ಸಯೀಸನ ನಸುಕಿನ ಕೆಲಸ ಮುಗಿಸಿ, ಅದೇ ಖಾಕಿ ಚಡ್ಡಿಯಲ್ಲಿ ನನ್ನನ್ನು ಸೈಕಲ್ ಮೇಲೆ ಸ್ಕೂಲಿಗೆ ಬಿಡುತ್ತಿದ್ದೆ ನೀನು. ಗೇಟಿನ ಹತ್ತಿರ ನನ್ನ ಕ್ಲಾಸಿನ ಹುಡುಗಿಯೊಬ್ಬಳು ಮೂಗು ಮುಚ್ಚಿಕೊಂಡು ನಕ್ಕಳು. ಮಾರನೆಯ ದಿನ, "ಅಪ್ಪ, ಆ ಮೂಲೇಲೇ ಇಳಿಸು, ನಾನು ನಡ್ಕೊಂಡ್ ಹೋಗ್ತೀನಿ" ಎಂದೆ. ಯಾಕೆ ಎಂದು ನೀನು ಕೇಳಲಿಲ್ಲ. ಅವತ್ತಿನಿಂದ ಪಿಯುಸಿ ಮುಗಿಯುವವರೆಗೆ ಮೂಲೆಯಲ್ಲೇ ಇಳಿಸಿದೆ. ನಿನಗೆ ಅರ್ಥವಾಗಿತ್ತು, ಅಲ್ಲವೇ? ಆದರೂ ಭಾನುವಾರ ಬಂದರೆ ನಿನ್ನ ಜೊತೆ ಲಾಯಕ್ಕೆ ಓಡಿ ಬರುತ್ತಿದ್ದವಳು ನಾನೇ. "ಎದುರಿಂದ ಹೋಗ್ಬ್ಯಾಡ ಪುಟ್ಟಿ, ಭುಜದ ಕಡೆಯಿಂದ ಹೋಗು. ಹೋಗೋಕ್ ಮುಂಚೆ ಒಂದ್ಸಲ ಜೋರಾಗಿ ಉಸಿರು ಬುಡು. ಇವ್ಳು ಹೆದ್ರಿಲ್ಲ ಅಂತ ಅದಕ್ ಗೊತ್ತಾಗ್ಬೇಕು" ಎಂದು ಹೇಳಿಕೊಟ್ಟವನು ನೀನು. ನೀನು ಕಲಿಸಿದ್ದು ಬೇಕಾಗಿತ್ತು, ನಿನ್ನ ಮೈಯ ವಾಸನೆ ಬೇಡವಾಗಿತ್ತು.

ಜಪಾನಿಗೆ ಕೆಲಸಕ್ಕೆ ಬಂದ ಮೇಲೆ, ಆ ಕುದುರೆಯನ್ನು, ಸುಮಿರೆಯನ್ನು, ಮೊದಲು ಕಂಡದ್ದು ನಗೋಯಾದ ನಮ್ಮ ಕಂಪನಿಯ ಒಂದು ಪ್ರವಾಸದಲ್ಲಿ. ಕಾರಿನ ಬ್ರೇಕ್ ಭಾಗಗಳನ್ನು ಪರೀಕ್ಷೆ ಮಾಡುವ ನಮ್ಮ ವಿಭಾಗದ ಹದಿನಾಲ್ಕು ಜನ ರೈಲು ಹಿಡಿದು ಕಿಸೊ ಕಣಿವೆಗೆ ಹೋಗಿದ್ದೆವು. ಅಲ್ಲಿಂದ ಬಸ್ಸಿನಲ್ಲಿ ಇನ್ನೂ ಮೇಲಕ್ಕೆ ಹೋದರೆ ಹುಲ್ಲುಗಾವಲು. ಆ ಕಣಿವೆಗೆ ತನ್ನದೇ ಆದ ಒಂದು ಕುದುರೆಯ ತಳಿಯಿದೆ. ಗಿಡ್ಡ ಕಾಲು, ದಪ್ಪ ಹೊಟ್ಟೆ, ಕಣ್ಣು ಮುಚ್ಚುವಷ್ಟು ಜೂಲು. ಹಿಂದೆ ಗದ್ದೆ ಉಳುತ್ತಿದ್ದವು, ಹೊರೆ ಹೊರುತ್ತಿದ್ದವು. ಚಳಿಗಾಲದಲ್ಲಿ ಮನೆಯೊಳಗೇ ಜನರ ಜೊತೆ ಇರುತ್ತಿದ್ದವಂತೆ. ಈಗ ಉಳಿದಿರುವುದು ಸ್ವಲ್ಪವೇ. ಓಗಾವಾ ಸಾನ್ ಎಂಬ ಎಪ್ಪತ್ತು ದಾಟಿದ ಹೆಂಗಸು ಮೂರು ಹೆಣ್ಣು ಕುದುರೆಗಳನ್ನು ಸಾಕಿಕೊಂಡಿದ್ದರು. ನನ್ನ ಜೊತೆಯವರೆಲ್ಲ ಬೇಲಿಯಾಚೆ ನಿಂತು ಫೋಟೊ ತೆಗೆಯುತ್ತಿದ್ದಾಗ ನಾನು ಭುಜದ ಕಡೆಯಿಂದ ಹೋಗಿ, ಉಸಿರು ಬಿಟ್ಟು, ಸುಮಿರೆಯ ಕೊರಳಿಗೆ ಕೈ ಹಾಕಿದ್ದೆ. ಓಗಾವಾ ಸಾನ್ ದೂರದಿಂದ ನೋಡುತ್ತಿದ್ದರು. ಮುಂದಿನ ಶನಿವಾರ ಒಬ್ಬಳೇ ಹೋದೆ. ಅದರ ಮುಂದಿನ ಶನಿವಾರವೂ ಹೋದೆ.

ಒಂದು ದಿನ ಚಹಾ ಕುಡಿಯುತ್ತ ಅವರು ಕೇಳಿದರು: "ಕುದುರೆಯ ಹತ್ತಿರ ಹೋಗುವುದನ್ನು ಯಾರು ಕಲಿಸಿದರು? ನಿಮ್ಮ ತಂದೆ ಏನು ಮಾಡುತ್ತಾರೆ?" ಎಷ್ಟು ಸುಲಭದ ಪ್ರಶ್ನೆ ಅಪ್ಪ! ಅದನ್ನು ಕೇಳಿದವರೋ, ಬೆಳಿಗ್ಗೆಯಿಂದ ಲದ್ದಿ ಬಳಿದು ಬೂಟಿನ ತುಂಬ ಒಣಹುಲ್ಲು ಅಂಟಿಸಿಕೊಂಡು ಕುಳಿತಿದ್ದವರು. ಅವರ ಮುಂದೆ ನನಗೇಕೆ ನಾಚಿಕೆಯಾಗಬೇಕಿತ್ತು? ಆದರೆ ನಾಲಿಗೆಗೆ ಅಭ್ಯಾಸವಾಗಿ ಹೋಗಿತ್ತು. ಕಾಲೇಜಿನಲ್ಲಿ, ಕಂಪನಿಯಲ್ಲಿ ಹೇಳುತ್ತಿದ್ದುದನ್ನೇ ಹೇಳಿದೆ: "ಬ್ಯಾಂಕಿನಲ್ಲಿದ್ದರು. ಈಗ ನಿವೃತ್ತರು." ಕುದುರೆ? "ಚಿಕ್ಕಂದಿನಲ್ಲಿ ಸವಾರಿ ಕ್ಲಾಸಿಗೆ ಹೋಗುತ್ತಿದ್ದೆ." ಓಗಾವಾ ಸಾನ್ "ಹಾಗೋ" ಎಂದು ತಲೆಯಾಡಿಸಿದರು.

ಎರಡು ವರ್ಷ ಕಳೆದ ಮೇಲೆ ಅವರೇ ಹೇಳಿದರು, ಅಕ್ಟೋಬರಿನ ಪ್ರದರ್ಶನದಲ್ಲಿ ಸುಮಿರೆಯನ್ನು ನಾನೇ ನಡೆಸಬೇಕು ಎಂದು. ದೊಡ್ಡ ಜಾತ್ರೆಯೇನಲ್ಲ ಅದು. ಸುತ್ತಲಿನ ನಾಲ್ಕೈದು ಹಳ್ಳಿಯವರು ಸೇರುವ ಒಂದು ದಿನದ ಕೂಟ. ಅದರಲ್ಲಿ ಒಂದು ವಿಭಾಗ ಹವ್ಯಾಸಿಗಳಿಗೆ ಮಾತ್ರ: ಕುದುರೆ ಆ ಕಣಿವೆಯಲ್ಲೇ ಹುಟ್ಟಿರಬೇಕು, ನಡೆಸುವವರಿಗೆ ಅದು ಹೊಟ್ಟೆಪಾಡಿನ ಕೆಲಸವಾಗಿರಬಾರದು. ಸವಾರಿಯಿಲ್ಲ. ಹಗ್ಗ ಹಿಡಿದು ತೀರ್ಪುಗಾರರ ಮುಂದೆ ನಿಲ್ಲಿಸಬೇಕು, ನಡೆಸಬೇಕು, ಆಮೇಲೆ ಜೊತೆಗೆ ಓಡಿ ದುಡುಕಿಯಲ್ಲಿ, ಅಂದರೆ ಕುದುರೆಯ ಸಣ್ಣ ಓಟದಲ್ಲಿ, ಹೋಗಿ ಬರಬೇಕು. ಹೊರದೇಶದವರು ಯಾರೂ ಅಲ್ಲಿಯವರೆಗೆ ಅದರಲ್ಲಿ ಭಾಗವಹಿಸಿರಲಿಲ್ಲ. ಕಂಪನಿಯ ಆರು ಜನ ನೋಡಲು ಬರುತ್ತೇವೆ ಎಂದರು. ನಾನು ವರ್ಷವಿಡೀ ಅಭ್ಯಾಸ ಮಾಡಿದೆ. ಪ್ರದರ್ಶನದ ಹಿಂದಿನ ವಾರ ರಜೆ ಹಾಕಿದೆ. ನೀನು ನನ್ನನ್ನು ನೋಡಲು ಬಂದದ್ದೂ ಅದೇ ತಿಂಗಳು.

ನೀನು ಮೊದಲ ದಿನ ಆ ಲಾಯಕ್ಕೆ ಕಾಲಿಟ್ಟದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ಸ್ವೆಟರ್ ಮೇಲೆ ಸ್ವೆಟರ್, ತಲೆಗೆ ಮಂಕಿ ಟೋಪಿ. ಸುಮಿರೆ ಎಂಬ ಹೆಸರು ನಿನ್ನ ಬಾಯಲ್ಲಿ ಐದೇ ನಿಮಿಷದಲ್ಲಿ ಸುಮಿತ್ರೆಯಾಯಿತು. "ಇದೇನ್ ಪುಟ್ಟಿ, ಕಾಲಿಗೆ ಲಾಳಾನೇ ಇಲ್ವಲ್ಲ! ಕಲ್ಲಿದ್ದಂಗ್ ಅದೆ ಗೊರಸು" ಎಂದು ಬೆರಗಾದೆ. ಓಗಾವಾ ಸಾನ್ ಒಂದು ಹಿಡಿ ಭತ್ತದ ಹುಲ್ಲನ್ನು ಹುರಿ ಮಾಡಿ ಮೈ ಉಜ್ಜುವುದನ್ನು ನೋಡಿ, ನೀನೂ ಹುಲ್ಲು ತೆಗೆದುಕೊಂಡು ಅದಕ್ಕಿಂತ ಬಿಗಿಯಾದ ಹುರಿ ಮಾಡಿ ಇನ್ನೊಂದು ಪಕ್ಕ ಉಜ್ಜತೊಡಗಿದೆ. ಒಂದು ಕಡೆ ಅವರು, ಒಂದು ಕಡೆ ನೀನು, ನಡುವೆ ಕಣ್ಣು ಅರೆಮುಚ್ಚಿ ನಿಂತ ಕುದುರೆ. ನಿಮ್ಮಿಬ್ಬರಲ್ಲಿ ಒಬ್ಬರ ಭಾಷೆ ಇನ್ನೊಬ್ಬರಿಗೆ ಬರುತ್ತಿರಲಿಲ್ಲ. ಅವರು ನಿನ್ನನ್ನು 'ಒತೋಸಾನ್' ಎಂದರು, ಅಪ್ಪಾ ಎಂದ ಹಾಗೆ. ನೀನು ಅವರನ್ನು 'ಅಕ್ಕೋರೆ' ಎಂದೆ. ನಾನು ಮಾತ್ರ ಮೂಲೆಯಲ್ಲಿ ನಿಂತು, ನಿನ್ನ ಕೈ ಇಷ್ಟು ಚೆನ್ನಾಗಿ ಕೆಲಸ ಮಾಡದಿರಲಿ ಎಂದು ಬೇಡಿಕೊಳ್ಳುತ್ತಿದ್ದೆ. ಬ್ಯಾಂಕಿನವರು ಹೀಗೆ ಹುಲ್ಲು ಹೊಸೆಯುತ್ತಾರೆಯೇ?

ಇನ್ನೊಂದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಆ ವಾರ ಓಗಾವಾ ಸಾನ್ ಮಣಿಕಟ್ಟು ಉಳುಕಿ ಪಟ್ಟಿ ಕಟ್ಟಿಕೊಂಡಿದ್ದರು. ಮೇವಿನ ಕೆಲಸ ನನ್ನದಾಗಿತ್ತು. ಮೈಗೆ ಹೊಳಪು ಬರಲಿ, ಮೈ ತುಂಬಿ ಕಾಣಲಿ ಎಂದು ಸುಮಿರೆಗೆ ಅವರು ಹೇಳಿದ್ದಕ್ಕಿಂತ ಎರಡರಷ್ಟು ಬಾರ್ಲಿ ಹಾಕಿದೆ. ಒಂದು ದಿನವಲ್ಲ, ಐದು ದಿನ. ಯಾರಿಗೂ ಹೇಳಲಿಲ್ಲ.

ಪ್ರದರ್ಶನದ ಹಿಂದಿನ ಮಧ್ಯಾಹ್ನ ನೀನು ಸುಮಿರೆಯನ್ನು ಬಹಳ ಹೊತ್ತು ಸುಮ್ಮನೆ ನೋಡುತ್ತ ನಿಂತಿದ್ದೆ. ಆಮೇಲೆ ಕುಕ್ಕರಗಾಲಲ್ಲಿ ಕುಳಿತು ಮುಂಗಾಲಿನ ಗೊರಸಿನ ಮೇಲೆ ಅಂಗೈ ಒತ್ತಿ ಹಿಡಿದೆ.

"ಪುಟ್ಟಿ, ಇಲ್ ಕೈ ಮಡಗು."

ಇಟ್ಟೆ. ಬೆಚ್ಚಗಿತ್ತು.

"ಬಿಸಿ ಅದೆ ಅಲ್ವಾ? ಎರಡೂ ಮುಂಗಾಲೂ ಹಿಂಗೇ ಅದೆ. ಇಲ್ಲಿ, ಈ ಸಂದೀಲಿ ನೋಡು, ನಾಡಿ ಹೊಡ್ಕತಾ ಅದೆ. ಒಂದ್ ಕಾಲಿಂದ ಇನ್ನೊಂದ್ ಕಾಲಿಗೆ ಭಾರ ಬದ್ಲಾಯಿಸ್ತಾ ನಿಂತವ್ಳೆ. ಕಾಳು ಜಾಸ್ತಿ ಹಾಕಿದ್ರಾ?"

"ಇಲ್ಲಪ್ಪ. ಹುಲ್ಲು ಅಷ್ಟೇ."

ನೀನು ನನ್ನನ್ನು ನೋಡಿದೆ. ನಂಬಿದೆ. "ಹಂಗಾರೆ ಯಾಕೋ ಗೊತ್ತಿಲ್ಲ. ಆದ್ರೆ ನಾಳೆ ನಡಿಸ್ಬ್ಯಾಡಿ. ಓಡ್ಸೋದಂತೂ ಬ್ಯಾಡ್ವೇ ಬ್ಯಾಡ. ಮೆತ್ತಗೆ ಹುಲ್ ಹಾಸಿ, ತಣ್ಣೀರಲ್ ಕಾಲಿಡ್ಸಿ. ಡಾಕ್ಟ್ರನ್ ಕರ್ಸಿ. ಅಕ್ಕೋರಿಗೆ ಹೇಳು, ಈಗ್ಲೇ ಹೇಳು."

ಓಗಾವಾ ಸಾನ್ ಬಾಗಿಲಲ್ಲೇ ನಿಂತಿದ್ದರು. "ಒತೋಸಾನ್ ಏನು ಹೇಳುತ್ತಿದ್ದಾರೆ?" ಎಂದು ನನ್ನ ಮುಖ ನೋಡಿದರು.

ಅಪ್ಪ, ಆ ಒಂದು ಗಳಿಗೆಯಲ್ಲಿ ನನ್ನ ತಲೆಯಲ್ಲಿ ಏನೇನು ಓಡಿತು ಎಂದು ಹೇಳಿದರೆ ನೀನು... ಅವರಿಗೆ ನಿಜ ಹೇಳಿದರೆ, ನಿಮ್ಮ ತಂದೆಗೆ ಹೇಗೆ ಗೊತ್ತು ಎನ್ನುತ್ತಾರೆ. ಬ್ಯಾಂಕಿನ ಸುಳ್ಳು ಹೊರಬೀಳುತ್ತದೆ. ಬಾರ್ಲಿ ಹೊರಬೀಳುತ್ತದೆ. ನಾಳೆ ಕಂಪನಿಯವರು ಬರುತ್ತಾರೆ. ವರ್ಷದ ಅಭ್ಯಾಸ. ನಾನು ನಕ್ಕೆ. ನಕ್ಕು ಹೇಳಿದೆ: "ಎಷ್ಟು ಗಟ್ಟಿ ಗೊರಸು, ಇಷ್ಟು ಒಳ್ಳೆಯ ಕುದುರೆಯನ್ನು ನೋಡಿರಲಿಲ್ಲ ಅನ್ನುತ್ತಿದ್ದಾರೆ."

ಓಗಾವಾ ಸಾನ್ ಮುಖ ಅರಳಿತು. ಸೊಂಟ ಬಗ್ಗಿಸಿ ನಿನಗೆ ವಂದಿಸಿದರು. ನೀನು ಗಲಿಬಿಲಿಗೊಂಡು ಕೈ ಮುಗಿದೆ. "ಏನಂದ್ರು?" ಎಂದು ಕೇಳಿದೆ. "ನೋಡ್ಕೋತೀನಿ ಅಂದ್ರು. ಅವರ ಕುದುರೆಗಳಿಗೆ ಹೀಗಾಗೋದು ಮಾಮೂಲಂತೆ" ಎಂದೆ. ನೀನು ಇನ್ನೊಮ್ಮೆ ಗೊರಸು ಮುಟ್ಟಿ, "ಅವ್ರ ಕುದ್ರೆ. ಅವ್ರಿಗ್ ಗೊತ್ತಿರ್ತದೆ" ಎಂದು ಎದ್ದೆ. ಎರಡು ಭಾಷೆ ಬಲ್ಲವಳು ಅಲ್ಲಿ ಒಬ್ಬಳೇ ಇದ್ದಳು. ಅವಳು ಇಬ್ಬರಿಗೂ ಮೋಸ ಮಾಡಿದಳು.

ಮಾರನೆಯ ದಿನ ಅಂಗಳದಲ್ಲಿ ಹನ್ನೊಂದು ಕುದುರೆಗಳಿದ್ದವು. ಸುಮಿರೆ ನಿಂತಳು, ನಡೆದಳು. ದುಡುಕಿಯ ಸರದಿ ಬಂದಾಗ ಡಾಂಬರು ಹಾಕಿದ ದಾರಿಯಲ್ಲಿ ಹೋಗಿ ಬರಬೇಕಾಗಿತ್ತು. ಹಗ್ಗ ಎಳೆದೆ. ಅವಳು ಒಂದು ಕ್ಷಣ ತಡೆದಳು. ನಾನು ನಾಲಿಗೆಯಿಂದ 'ಟಕ್' ಎಂದೆ, ನೀನು ಕಲಿಸಿದ ಸದ್ದೇ. ಅವಳು ಓಡಿದಳು ಅಪ್ಪ. ನಾನು ಕೇಳಿದ್ದೆ ಎಂಬ ಒಂದೇ ಕಾರಣಕ್ಕೆ ಓಡಿದಳು. ಎರಡನೆಯ ಬಹುಮಾನದ ರಿಬ್ಬನ್ ಕಟ್ಟಿದರು. ಕಂಪನಿಯವರು ಚಪ್ಪಾಳೆ ತಟ್ಟಿದರು. ಬೇಲಿಯಾಚೆ ನೀನು ಚಪ್ಪಾಳೆ ತಟ್ಟದೆ ಅವಳ ಕಾಲನ್ನೇ ನೋಡುತ್ತಿದ್ದೆ.

ಸಂಜೆಯ ಹೊತ್ತಿಗೆ ಸುಮಿರೆ ಹೆಜ್ಜೆ ಇಡಲಾರದೆ ಹಿಂಗಾಲಿನ ಮೇಲೆ ಭಾರ ಹಾಕಿ ನಿಂತುಬಿಟ್ಟಳು. ವೈದ್ಯರು ಬಂದರು. ಗೊರಸಿನ ಗೋಡೆಗೂ ಒಳಗಿನ ಎಲುಬಿಗೂ ಇರುವ ಹಿಡಿತವೇ ಸಡಿಲವಾಗಿದೆ, ಕಾಳು ಹೆಚ್ಚಾದರೆ ಹೀಗಾಗಬಹುದು, ಗಟ್ಟಿ ನೆಲದಲ್ಲಿ ಓಡಿಸಿದ್ದು ಕೆಡಿಸಿತು, ನಿನ್ನೆಯೇ ಕರೆದಿದ್ದರೆ ಚೆನ್ನಾಗಿತ್ತು ಎಂದರು. ಓಗಾವಾ ಸಾನ್ ಪಟ್ಟಿ ಕಟ್ಟಿದ್ದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ನಿನ್ನ ಮುಂದೆ ಬಂದು, ತಲೆ ಮೊಣಕಾಲಿಗೆ ತಾಗುವಷ್ಟು ಬಗ್ಗಿ ಏನೋ ಹೇಳಿದರು. ನೀನು ನನ್ನ ಕಡೆ ನೋಡಿದೆ. "ಸಹಾಯಕ್ಕೆ ಥ್ಯಾಂಕ್ಸ್ ಅಂತಿದಾರೆ" ಎಂದೆ. ಅವರು ಹೇಳಿದ್ದು ಅದಲ್ಲ ಅಪ್ಪ. "ನೀವು ಅಷ್ಟು ದೂರದಿಂದ ಬಂದು ನನ್ನ ಕುದುರೆಯನ್ನು ಹೊಗಳಿದಿರಿ. ನಾನು ಅದಕ್ಕೆ ತಕ್ಕ ಹಾಗೆ ನೋಡಿಕೊಳ್ಳಲಿಲ್ಲ. ನನ್ನದೇ ತಪ್ಪು. ಕ್ಷಮಿಸಿ." ಇದು ಅವರ ಮಾತು, ಒಂದಕ್ಷರ ಬಿಡದೆ.

ಆಮೇಲಿನ ಮೂರು ದಿನ ನೀನು ಲಾಯ ಬಿಟ್ಟು ಬರಲಿಲ್ಲ. ತೊರೆಯ ನೀರು ತಂದು ತಂದು ಅವಳ ಕಾಲಿಗೆ ಹುಯ್ದೆ. "ಸುಮಿತ್ರವ್ವ, ಸ್ವಲ್ಪ ತಡ್ಕೊ ಕಣವ್ವ" ಎಂದು ಮಾತಾಡುತ್ತಲೇ ಇದ್ದೆ. ನಾನು ನಗೋಯಾಕ್ಕೆ ಮರಳಿ ಬ್ರೇಕುಗಳ ಪರೀಕ್ಷೆ ಮಾಡುತ್ತಿದ್ದೆ. ಯಾವ ಭಾಗದಲ್ಲಿ ಕೂದಲೆಳೆಯಷ್ಟು ದೋಷ ಕಂಡರೂ ಇಡೀ ಸಾಲನ್ನೇ ನಿಲ್ಲಿಸುವ ಅಧಿಕಾರ ನನಗಿದೆ, ಗೊತ್ತಾ?

ವಿಮಾನ ನಿಲ್ದಾಣದಲ್ಲಿ ನಿನ್ನನ್ನು ಬೀಳ್ಕೊಡುವಾಗ ಹೇಳಿಬಿಡಬೇಕು ಎಂದುಕೊಂಡಿದ್ದೆ. ನೀನೇ ಮೊದಲು ಮಾತಾಡಿದೆ. "ಸಯೀಸನ ಮಾತು ಯಾರ್ ಕೇಳ್ತಾರೆ ಬುಡು ಪುಟ್ಟಿ. ಅಲ್ಲೂ ಅಷ್ಟೇ, ಇಲ್ಲೂ ಅಷ್ಟೇ. ಅಕ್ಕೋರ ಮೇಲೇನೂ ಸಿಟ್ಟಿಲ್ಲ ನಂಗೆ." ಬೇಸರವಿಲ್ಲದೆ, ನಗುತ್ತಲೇ ಹೇಳಿದೆ. ಅದಕ್ಕೆ ನಾನು ಏನು ಹೇಳಿದೆ? ಪಾಸ್‌ಪೋರ್ಟ್ ಒಳಗಿನ ಜೇಬಿನಲ್ಲಿ ಇಟ್ಕೋ ಎಂದೆ.

ಮಾರ್ಚಿನಲ್ಲಿ ಆಫೀಸಿನ ಊಟದ ಹೊತ್ತಿಗೆ ಅಮ್ಮನ ಫೋನ್ ಬಂತು. ಎದೆ ನೋವು ಅಂದೆಯಂತೆ, ಆಟೋ ಬರುವಷ್ಟರಲ್ಲಿ... ನಾನು ಬಂದು ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ಹನ್ನೊಂದನೆಯ ದಿನ, ನಿನ್ನ ಜೊತೆ ಲಾಯದಲ್ಲಿ ಇಪ್ಪತ್ತು ವರ್ಷ ದುಡಿದ ರಾಚಯ್ಯಣ್ಣ ಬಂದಿದ್ದರು. ಎಲೆಯ ಮುಂದೆ ಕುಳಿತವರು ಊಟ ಮಾಡದೆ ಹೇಳಿದರು: "ನಿಮ್ಮಪ್ಪ ಜಪಾನಿಂದ ಬಂದ್ಮೇಲೆ ಆ ಕುದ್ರೆ ಇಸ್ಯವೇ ಕಣಮ್ಮ. 'ಭಾಷೆ ಬರ್ದಿದ್ರೇನ್ಲಾ, ನಾನ್ ಅಡ್ಡ ನಿಂತ್ಕಬೇಕಾಗಿತ್ತು. ನನ್ ಕೈಗ್ ಗೊತ್ತಾಗಿತ್ತು, ನಾನ್ ಸುಮ್ಕಾಗ್ಬುಟ್ಟೆ. ನಂದೇ ತಪ್ಪು' ಅಂತ. ಹೋಗೋಕ್ ಎರಡ್ ದಿನ ಮುಂಚೇನೂ ಅಂದ."

ನಿನ್ನದೇ ತಪ್ಪು ಎಂದು ನೀನು. ನನ್ನದೇ ತಪ್ಪು ಎಂದು ಓಗಾವಾ ಸಾನ್. ಎರಡು ದೇಶಗಳಲ್ಲಿ ಇಬ್ಬರು ಒಳ್ಳೆಯವರು ನನ್ನ ತಪ್ಪನ್ನು ಹೊತ್ತುಕೊಂಡು ಕುಳಿತಿದ್ದರು. ನೀನಂತೂ ಹೊತ್ತುಕೊಂಡೇ ಹೋದೆ. ಅಪ್ಪ, ನೀನು ತಪ್ಪು ಮಾಡಲಿಲ್ಲ. ಹೇಳಬೇಕಾದ್ದನ್ನು ಹೇಳಬೇಕಾದ ಹೊತ್ತಿಗೆ ಹೇಳಿದೆ. ನಾನು ಅದನ್ನು ದಾಟಿಸಲಿಲ್ಲ. ಇಷ್ಟೇ ಆ ಮಾತು. ಇದನ್ನು ನಿನ್ನ ಕಿವಿಗೆ ಹಾಕಲು ನನಗೆ ಎಷ್ಟು ಭಾನುವಾರಗಳಿದ್ದವು!

ಏಪ್ರಿಲ್‌ನಲ್ಲಿ ಜಪಾನಿಗೆ ಮರಳಿ ಬಂದವಳು ಮೊದಲು ಹೋದದ್ದು ಓಗಾವಾ ಸಾನ್ ಮನೆಗೆ. ಒಳಗೆ ಕರೆದರೂ ಕೂರಲಿಲ್ಲ. ನಿಂತೇ ಎಲ್ಲ ಹೇಳಿದೆ: ಬಾರ್ಲಿ, ಬಿಸಿ ಗೊರಸು, ನೀನು ಅಂದದ್ದು, ನಾನು ಅಂದದ್ದು, ಬ್ಯಾಂಕು. "ನನ್ನ ತಂದೆ ನಲವತ್ತು ವರ್ಷ ಕುದುರೆ ಲಾಯದಲ್ಲಿ ಸಯೀಸರಾಗಿದ್ದರು" ಎಂದೆ. ಈ ವಾಕ್ಯವನ್ನು ನಾನು ಜೀವನದಲ್ಲಿ ಮೊದಲ ಸಲ ಹೇಳುತ್ತಿದ್ದೆ, ಅದೂ ನೀನು ಇಲ್ಲದ ಮೇಲೆ.

ಅವರು ಎಲ್ಲವನ್ನೂ ಕೇಳಿಸಿಕೊಂಡರು. ಕೊನೆಗೆ, "ಬ್ಯಾಂಕಿನವರಲ್ಲ ಎಂದು ಅವರು ಹುಲ್ಲು ಹಿಡಿದ ದಿನವೇ ಗೊತ್ತಾಗಿತ್ತು. ಅದು ನಿಮ್ಮ ಮನೆಯ ವಿಷಯ, ಕೇಳಲಿಲ್ಲ" ಎಂದರು. ಆಮೇಲೆ, "ಅವತ್ತು ಅವರು ಕಾಲು ಮುಟ್ಟಿ ಮಾತಾಡುವಾಗ ನಾನು ನಿನ್ನ ಬಾಯಿ ನೋಡುತ್ತಿದ್ದೆ. ಅವರ ಕೈ ನೋಡಬೇಕಿತ್ತು." ನಾನು ಅಳತೊಡಗಿದೆ. ಅವರು ಸಮಾಧಾನ ಮಾಡಲಿಲ್ಲ. "ಒತೋಸಾನ್ ನನ್ನನ್ನು ಹಟಮಾರಿ ಮುದುಕಿ ಎಂದುಕೊಂಡೇ ಹೋದರು, ಅಲ್ಲವೇ?" ಎಂದು ಕೇಳಿದರು. "ಇವತ್ತು ಹೋಗು. ಕರೆಯುವವರೆಗೆ ಬರಬೇಡ" ಎಂದು ಬಾಗಿಲು ಹಾಕಿಕೊಂಡರು.

ಆಗಸ್ಟ್ ಕೊನೆಗೆ ಅವರಿಂದ ಒಂದು ಕಾರ್ಡ್ ಬಂತು. 'ಲದ್ದಿ ಎತ್ತಲು ಜನ ಬೇಕು' ಎಂದಷ್ಟೇ ಇತ್ತು. ಹೋದೆ. ಸುಮಿರೆ ಬದುಕಿದ್ದಾಳೆ ಅಪ್ಪ. ಮೆತ್ತನೆಯ ಹುಲ್ಲಿನ ಮೇಲೆ ನಿಧಾನವಾಗಿ ನಡೆಯುತ್ತಾಳೆ. ಇನ್ನು ಯಾವತ್ತೂ ಓಡಲಾರಳು ಎಂದಿದ್ದಾರೆ ವೈದ್ಯರು. ಮರಿ ಹಾಕಿಸುವ ಯೋಚನೆಯನ್ನೂ ಓಗಾವಾ ಸಾನ್ ಕೈಬಿಟ್ಟರು. ಆ ತಳಿಗೆ ಒಂದೊಂದು ಮರಿಯೂ ಎಷ್ಟು ದೊಡ್ಡದೆಂದು ನಿನಗೆ ಗೊತ್ತು. ನಾನು ಪ್ರತಿ ಶನಿವಾರ ಲದ್ದಿ ಎತ್ತುತ್ತೇನೆ. ಅವರು ಕೆಲಸದ ಮಾತು ಬಿಟ್ಟು ಬೇರೆ ಮಾತಾಡುತ್ತಿರಲಿಲ್ಲ. ಮಾತಾಡಲಿ ಎಂದು ಕೇಳುವ ಮುಖವೂ ನನಗಿರಲಿಲ್ಲ.

ಇನ್ನು ಹೋದ ವಾರದ ಸಂಗತಿ. ಈ ವರ್ಷ ಪ್ರದರ್ಶನಕ್ಕೆ ಒಂದು ಹೊಸ ನಿಯಮ ಬಂದಿದೆ. ಅಂಗಳಕ್ಕೆ ಇಳಿಯುವ ಮುಂಚೆ ಪ್ರತಿ ಕುದುರೆಯ ನಾಲ್ಕೂ ಗೊರಸು ಮುಟ್ಟಿ ನೋಡಬೇಕು. ಅನುಮಾನ ಬಂದರೆ ವೈದ್ಯರು ನೋಡುವವರೆಗೆ ಬಿಡುವಂತಿಲ್ಲ. ಈ ನಿಯಮ ಬೇಕೆಂದು ಪಟ್ಟು ಹಿಡಿದವರು ಓಗಾವಾ ಸಾನ್. ಮುಟ್ಟಿ ನೋಡುವವರು ಯಾರು ಎಂದು ಸಭೆಯಲ್ಲಿ ಕೇಳಿದಾಗ ನನ್ನ ಹೆಸರು ಹೇಳಿದವರೂ ಅವರೇ.

ಒಂಬತ್ತು ಕುದುರೆಗಳನ್ನು ಅಂಗಳಕ್ಕೆ ಬಿಟ್ಟೆ. ಹತ್ತನೆಯದು ಒಬ್ಬ ಶಾಲಾ ಮಾಸ್ತರರದು. ಅದರ ಬಲ ಮುಂಗಾಲು ನನ್ನ ಅಂಗೈಗೆ ಬಿಸಿ ಎನಿಸಿತು. ಎದ್ದು ನಿಂತು, ಬಾಯಿ ಬಿಟ್ಟು ಹೇಳಿದೆ: "ಈ ಕುದುರೆಯನ್ನು ಬಿಡುವುದಿಲ್ಲ." ಮಾಸ್ತರರ ಮುಖ ಕೆಂಪಾಯಿತು. ವೈದ್ಯರು ಬಂದು ಹತ್ತು ನಿಮಿಷ ನೋಡಿ, ಬಿಸಿಲಿನ ಕಡೆ ನಿಂತದ್ದಕ್ಕೆ ಬೆಚ್ಚಗಾಗಿದೆ, ಏನೂ ಇಲ್ಲ ಎಂದರು. ಅಷ್ಟು ಹೊತ್ತಿಗೆ ಮಾಸ್ತರರ ಸರದಿ ತಪ್ಪಿತ್ತು. ಕೊನೆಯಲ್ಲಿ ಅವಕಾಶ ಕೊಟ್ಟರು, ಆದರೆ ಕುದುರೆ ಬೆದರಿ ಸರಿಯಾಗಿ ನಿಲ್ಲಲಿಲ್ಲ. ನಿನ್ನ ಕೈ ನನಗೆ ಬಂದಿಲ್ಲ ಅಪ್ಪ. ಎಲ್ಲರ ಎದುರು ನಾನು ಬಗ್ಗಿ ಕ್ಷಮೆ ಕೇಳಿದೆ. ತಲೆ ಎತ್ತುವಾಗ ನೋಡಿದರೆ ಪಕ್ಕದಲ್ಲಿ ಓಗಾವಾ ಸಾನ್ ಕೂಡ ಮಾಸ್ತರರ ಮುಂದೆ ಬಗ್ಗಿ ನಿಂತಿದ್ದರು.

ವ್ಯಾನಿನಲ್ಲಿ ಮನೆಗೆ ಬರುವಾಗ ಅವರು ದಾರಿಯ ಕಡೆ ನೋಡುತ್ತಲೇ, "ಮುಂದಿನ ವರ್ಷವೂ ನೀನೇ ನೋಡಬೇಕು" ಎಂದರು. "ತಪ್ಪಾಯಿತಲ್ಲ" ಎಂದೆ. "ತಪ್ಪಾಯಿತು. ಆದರೆ ಹೇಳಿದೆ" ಎಂದರು.

ಮುಂದಿನ ತಿಂಗಳು ಮೈಸೂರಿಗೆ ಬಂದು ರಾಚಯ್ಯಣ್ಣನ ಮುಂದೆ ಕುಳಿತು ಇದೆಲ್ಲವನ್ನೂ ಹೇಳುತ್ತೇನೆ. ನಿನ್ನ ಲಾಯದವರ ಪಾಲಿಗೆ ನೀನು ತಪ್ಪಿತಸ್ಥನಾಗಿ ಉಳಿಯಬಾರದು. ಅವರ ಹತ್ತಿರವೇ ಒಂದು ವಾರ ಕುಳಿತು, ಬಿಸಿಲಿನ ಬಿಸಿ ಯಾವುದು, ನೋವಿನ ಬಿಸಿ ಯಾವುದು ಎಂದು ಕಲಿತು ಬರುತ್ತೇನೆ. ಕಲಿಯುವವರೆಗೂ ಮುಟ್ಟುತ್ತೇನೆ ಅಪ್ಪ. ನನ್ನ ಕೈಗೆ ಗೊತ್ತಾದದ್ದನ್ನು, ಅದು ತಪ್ಪೇ ಆಗಲಿ, ಯಾರ ಮುಂದೆಯೂ ನುಂಗಿಕೊಳ್ಳುವುದಿಲ್ಲ.

ನಿನ್ನ
ಪುಟ್ಟಿ